ಮಾವನವರ ಕಾರಿನ ಟ್ಯೂಬಿಲ್ಲದ ಟೈರುಗಳು

ಮೊನ್ನೆ ಬೆಳಗಾವಿಯಿಂದ ಖಾನಾಪುರದ ನಮ್ಮ ತವರುಮನೆಗೆ ಹೊರಟಿದ್ದೆ. ಮಚ್ಛೆ ದಾಟುವಷ್ಟರಲ್ಲಿ ಬಾಡಿಗೆ ಕಾರಿನ ಹಿಂದಿನ ಗಾಲಿ ಕುಂಟತೊಡಗಿತು. ಡ್ರೈವರ್ ಇಳಿದು ನೋಡಿ, ಕಾರ್ಖಾನೆಗಳ ಎದುರಿಗಿದ್ದ ಒಂದು ಪಂಕ್ಚರ್ ಅಂಗಡಿಯ ಮುಂದೆ ತಂದು ನಿಲ್ಲಿಸಿದ. ಇನ್ನೇನು ಅರ್ಧ ದಿನ ಇಲ್ಲೇ ಹೋಯಿತು ಅಂದುಕೊಂಡು, ಚೀಲದಿಂದ ಶೇಂಗಾ ಹೋಳಿಗೆಯ ಡಬ್ಬಿ ತೆಗೆದು ಮುಚ್ಚಳ ಬಿಚ್ಚುತ್ತಿದ್ದೆ. ಅಷ್ಟರಲ್ಲಿ ಅಂಗಡಿಯವನು ಗಾಲಿಯನ್ನು ಕಾರಿನಿಂದ ಬಿಚ್ಚದೆಯೇ ಕೆಲಸ ಮುಗಿಸಿದ್ದ! ಮೊಳೆ ಕಿತ್ತ, ತೂತಿಗೆ ರಬ್ಬರಿನದೊಂದು ಬತ್ತಿ ತುರುಕಿದ, ಮೇಲೆ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ಎಂದು ಬಗ್ಗಿ ನೋಡಿದ. ಏಳಲಿಲ್ಲ. ಕೈ ಒರೆಸಿಕೊಂಡ.

"ಅಲ್ಲೋ, ಟ್ಯೂಬ್ ಎಲ್ಲಿ?" ಎಂದೆ.

"ಟ್ಯೂಬ್ ಎಲ್ಲೀದ್ರೀ ಅಮ್ಮಾರ? ಇದರಾಗ ಟ್ಯೂಬ್ ಇರೂದ ಇಲ್ಲ. ನೀವು ಯಾವ ಕಾಲದಾಗ ಅದೀರಿ?"

ನಾನು ತಿಳಿಯದೆ ಕೇಳಿದ್ದಲ್ಲ. ಟ್ಯೂಬಿಲ್ಲದ ಟೈರನ್ನು ಈ ಅಂಗಡಿಯವನು ಹುಟ್ಟುವುದಕ್ಕೂ ಮೊದಲೇ ಕಂಡವಳು ನಾನು. ಆದರೆ ಹೊಸ ರಬ್ಬರಿನ ಆ ವಾಸನೆಗೂ ಸೋಪಿನ ನೀರಿನ ವಾಸನೆಗೂ ಮೂಗು ಕೊಟ್ಟು ಕೂತವಳ ಬಾಯಿಂದ ಆ ಪ್ರಶ್ನೆ ತಾನಾಗಿ ಜಾರಿತು. ಅದು ನನ್ನ ಪ್ರಶ್ನೆಯೂ ಅಲ್ಲ, ನಮ್ಮ ಮಾವನವರದು. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದಿಡೀ ಮಳೆಗಾಲ ಅವರು ಆ ಪ್ರಶ್ನೆಯನ್ನು ಹಿಡಿದು ನಮ್ಮನ್ನೆಲ್ಲ ಹುರಿದು ಮುಕ್ಕಿದ್ದರು. ಡ್ರೈವರ್ ಚಹಾ ಕುಡಿದು ಬರುತ್ತೇನೆಂದು ಹೋದ. ನೀವೂ ಅಂಗಡಿಯ ಬೆಂಚಿನ ಈ ತುದಿಗೆ ಬಂದು ಕೂತಿರೆಂದುಕೊಳ್ಳಿ, ಹೇಳುತ್ತೇನೆ.

ನಮ್ಮ ಮಾವನವರು ವಕೀಲರು. ಮನೆ ಸದಾಶಿವನಗರದಲ್ಲಿ. ಸಂಶಯ ಪಡುವುದು ಅವರ ಕಸುಬು. ಉಳಿದ ವಕೀಲರು ಸಂಜೆ ಕರೀ ಕೋಟಿನ ಜೊತೆಗೆ ಅದನ್ನೂ ಗೂಟಕ್ಕೆ ಹಾಕುತ್ತಿದ್ದರೇನೋ. ಇವರು ಊಟಕ್ಕೆ ಕೂತಾಗಲೂ ತೊಟ್ಟುಕೊಂಡೇ ಇರುತ್ತಿದ್ದರು. ಹಾಲಿನವನು ಬಂದರೆ ಪಾತ್ರೆಯೊಳಗೆ ಬೆರಳದ್ದಿ, ಎತ್ತಿ, ಬೆಳಕಿಗೆ ಹಿಡಿದು, "ನಿನ್ನಿ ಹಾಲಿನ ಎಮ್ಮೀನೂ ಇವತ್ತಿನ ಎಮ್ಮೀನೂ ಒಂದ ಏನು?" ಎಂದು ಕೇಳುವರು. ಪಾಪ, ಅವನು ಹೌದು ಅಂದರೂ ಸಿಕ್ಕಿಬೀಳುತ್ತಿದ್ದ, ಅಲ್ಲ ಅಂದರೂ ಸಿಕ್ಕಿಬೀಳುತ್ತಿದ್ದ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಚಹಾ ಕೊಟ್ಟೆ. "ಎಷ್ಟು ಸಕ್ಕರಿ ಹಾಕೀದಿ?" ಎಂದರು. "ಎರಡು ಚಮಚೆ ರೀ ಮಾವಾರ" ಎಂದೆ. "ಯಾವ ಚಮಚೆ?" ಎಂದರು. ಅವತ್ತೇ ನನಗೆ ತಿಳಿಯಿತು, ಈ ಮನೆಯಲ್ಲಿ ನಾನು ಸೊಸೆಯಲ್ಲ, ಸಾಕ್ಷಿ ಎಂದು.

ಆ ಮನುಷ್ಯ ಈ ಲೋಕದಲ್ಲಿ ಸಂಶಯವಿಲ್ಲದೆ ನಂಬಿದ್ದು ಒಂದನ್ನೇ. ಅದು ಅವರ ಕಾರು. ಸ್ವಾತಂತ್ರ್ಯಕ್ಕೂ ಹಿಂದಿನ ವಿಲಾಯತಿ ಗಾಡಿ. ಯಾರೋ ಮುದುಕ ಡಾಕ್ಟರು ಊರು ಬಿಡುವಾಗ ಇವರಿಗೆ ಕೊಟ್ಟು ಹೋದದ್ದಂತೆ. ಉಬ್ಬಿದ ಮಡ್‌ಗಾರ್ಡು, ದುಂಡನೆಯ ದೀಪಗಳು, ಬಾಗಿಲು ತೆರೆದರೆ ಹಳೆಯ ಚರ್ಮದ ವಾಸನೆ. ಗಾಲಿಗಳಂತೂ ಕೆಂಪು ಬಣ್ಣದವು. ನಡುವಿನ ತಟ್ಟೆಯನ್ನೂ ಹೊರಗಿನ ಬಳೆಯನ್ನೂ ಸುತ್ತಲೂ ರಿವೀಟು ಹೊಡೆದು ಜೋಡಿಸಿದ ಗಾಲಿಗಳು. ರವಿವಾರ ಬಂತೆಂದರೆ ಮಾವನವರು ಹಳೆಯ ಧೋತರದ ತುಂಡಿನಿಂದ ಆ ರಿವೀಟುಗಳನ್ನು ಒಂದೊಂದಾಗಿ ಒರೆಸುತ್ತ ಕೂಡುವರು. ನಮ್ಮ ಅತ್ತೆ ಒಳಗಿನಿಂದ ನೋಡಿ, "ನನಗೊಮ್ಮಿ ಹಿಂಗ ನೆಗಡಿ ಆದಾಗ ಮೂಗ ಒರಸೂದಿಲ್ಲ" ಎಂದು ನನಗಷ್ಟೇ ಕೇಳುವಂತೆ ಅನ್ನುತ್ತಿದ್ದರು. ಅತ್ತೆ ಮಾತು ಕಡಿಮೆ. ಆಡಿದರೆ ಹೀಗೆ.

ಆ ಗಾಲಿಗಳ ಅಳತೆಯ ಟೈರು ಊರಲ್ಲಿ ಸಿಗುವುದು ನಿಂತು ಎಷ್ಟೋ ಕಾಲವಾಗಿತ್ತು. ಜೀಪಿನ ಟೈರು ಹಾಕಿ ನೋಡಿದರೆ ಮಡ್‌ಗಾರ್ಡಿಗೆ ಉಜ್ಜಿ ಕಿರುಗುಟ್ಟಿತು. ಗಾಲಿಯನ್ನೇ ಬದಲಿಸಿ ಎಂದು ಮೆಕ್ಯಾನಿಕ್ಕರು ಹೇಳಿದರೆ ಮಾವನವರು ಸಿಟ್ಟಿಗೇಳುವರು. "ಮನಶ್ಯಾಗ ಬೂಟು ಬರಲಿಲ್ಲ ಅಂತ ಕಾಲು ಬದಲು ಮಾಡ್ತೀರೇನು?" ಹೀಗಾಗಿ ಕಾರು ಬೋಳು ಟೈರಿನ ಮೇಲೆಯೇ ಕೋರ್ಟಿಗೆ ಹೋಗಿ ಬರುತ್ತಿತ್ತು. ದಾರಿಯಲ್ಲಿ ವಾರಕ್ಕೊಮ್ಮೆಯಾದರೂ ಟುಸ್ಸೆನ್ನುತ್ತಿತ್ತು.

ಇದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ನನ್ನ ನಾದಿನಿ ಶಾಂತಾಳನ್ನು ನಮ್ಮ ಅಣ್ಣ ಈರಣ್ಣನಿಗೆ ಕೊಡುವ ಮಾತು. ಅಣ್ಣನದು ಖಾನಾಪುರದಲ್ಲಿ ಹಂಚಿನ ಭಟ್ಟಿ. ಅಲ್ಲಿಯ ಕೆಂಪು ಮಣ್ಣಿನ ಹಂಚು ಲಾರಿಗಟ್ಟಲೆ ಗೋವಾಕ್ಕೆ ಹೋಗುತ್ತಿತ್ತು. ಮಾತು ತೆಗೆದವರು ಅತ್ತೆ. ಶಾಂತಾ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಕಾಲೇಜಿನಲ್ಲಿ ಸಂಸ್ಕೃತ ಓದುತ್ತಿದ್ದ ಹುಡುಗಿ, ಇದ್ದಕ್ಕಿದ್ದಂತೆ ಒಂದು ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, "ವೈನೀ, ಹಂಚು ಸುಡಾಕ ಎಷ್ಟ ದಿನಾ ಬೇಕಾಗತೈತ್ರಿ?" ಎಂದು ಕೇಳಿದರೆ ನನಗೇನು ಅಷ್ಟೂ ತಿಳಿಯುವುದಿಲ್ಲವೇ? ನನಗಂತೂ ಹಿಗ್ಗೋ ಹಿಗ್ಗು. ಮಾವನವರು ಮಾತ್ರ, "ವಿಚಾರ ಮಾಡೂಣು" ಎಂದಿದ್ದರು. ಅವರು ವಿಚಾರ ಮಾಡತೊಡಗಿದರೆ ಎದುರಿಗಿದ್ದವರು ಬೆವರಬೇಕು.

ಆಗ ನಮ್ಮಣ್ಣ ಒಂದು ಉಪಕಾರ ಮಾಡಲು ಹೋದ. ಒಳ್ಳೆಯ ಮನುಷ್ಯರು ಉಪಕಾರ ಮಾಡುವಾಗ ಯಾರಾದರೂ ಅವರ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ ನನಗೆ. ಒಮ್ಮೆ ನಮ್ಮ ಮನೆಗೆ ಬಂದಾಗ ಅವನು ಸದ್ದಿಲ್ಲದೆ ಕಾರಿನ ಗಾಲಿಗೆ ಒಂದು ದಾರ ಸುತ್ತಿ ಅಳತೆ ತೆಗೆದುಕೊಂಡು ಹೋಗಿದ್ದ. ಮೃಗಶಿರ ಮಳೆ ಹಿಡಿದ ಒಂದು ದಿನ ಅವನ ಲಾರಿ ನಮ್ಮ ಗೇಟಿನ ಮುಂದೆ ನಿಂತಿತು. ಹಿಂದುಗಡೆ ತಾಡಪತ್ರಿ ಸರಿಸಿದರೆ ನಾಲ್ಕು ಹೊಸ ಟೈರು! ಕಪ್ಪಗೆ ಮಿರಿಮಿರಿ ಮಿಂಚುತ್ತಿದ್ದವು. ಗೋವಾದ ಯಾವುದೋ ಗಣಿಯವರು ತಮ್ಮ ವಿದೇಶಿ ಗಾಡಿಗೆಂದು ತರಿಸಿದ್ದಂತೆ. ಗಾಡಿ ಗುಜರಿಗೆ ಹೋಗಿ ಟೈರು ಉಳಿದಿದ್ದವಂತೆ. ನಮ್ಮ ಗಾಲಿಯ ಅಳತೆಗೆ ತಾಳೆಯಾದವು.

ಮಾವನವರ ಮುಖ ಒಂದು ಗಳಿಗೆ ಮಗುವಿನದಾಯಿತು. ಟೈರಿನ ಮೇಲೆ ಕೈಯಾಡಿಸಿದರು, ಮೂಸಿದರು, ಉಗುರಿನಿಂದ ಗೀರಿದರು. ಆಮೇಲೆ ಒಳಗೆ ಕೈ ಹಾಕಿ ತಡವಿದರು. ಒಂದರಲ್ಲಿ ತಡವಿದರು, ಇನ್ನೊಂದರಲ್ಲಿ ತಡವಿದರು. ನಾಲ್ಕನ್ನೂ ಮುಗಿಸಿ ಸೆಟೆದು ನಿಂತರು.

"ಈರಣ್ಣನವರ, ಟ್ಯೂಬ್ ಎಲ್ಲಿ?"

"ಟ್ಯೂಬ್ ಇಲ್ರೀ ಮಾಮಾರ."

"ಇಲ್ಲ ಅಂದ್ರ? ಬರಲಿಲ್ಲೋ, ತರಲಿಲ್ಲೋ?"

"ಇರೂದ ಇಲ್ರೀ. ಇವು ಟ್ಯೂಬ್ ಇಲ್ದ ಓಡೂವು. ಗಾಳಿ ಸೀದಾ ಟೈರಿನಾಗ ನಿಲ್ಲತೈತಂತ್ರಿ."

"ನಿಲ್ಲತೈತಂತ. ಯಾರು ಅಂದ್ರು?"

"ಅಲ್ಲಿ ಒಬ್ಬ ಡ್ರೈವರ್ ಅಂದ್ರಿ."

"ಅವನ ಹೆಸರು?"

ಅಣ್ಣ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಲಾರಿ ಹೋದ ಮೇಲೆ ಮಾವನವರು ಪಡಸಾಲೆಯಲ್ಲಿ ಕೂತು ಅತ್ತೆಗೆ ಹೇಳಿದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು. "ಬಾಳಿಹಣ್ಣು ತಾವು ತಿಂದು ಸಿಪ್ಪಿ ನಮಗ ಕೊಟ್ಟಾರ. ನಾಲ್ಕೂ ಟೈರಿನಾಗಿನ ಟ್ಯೂಬ್ ಹೊಡದು, ಟ್ಯೂಬ್ ಇರೂದ ಇಲ್ಲ ಅಂತ ಕಥಿ ಹೇಳ್ತಾನ. ಗಾಳಿ ಏನು, ಟ್ಯೂಬ್ ಇಲ್ದ ನಿಲ್ಲಾಕ ಅವರಪ್ಪನ ಮನಿ ಆಳೇನು?" ನಿಜ ಹೇಳಲೇ? ಅಣ್ಣ ಟ್ಯೂಬ್ ಕದ್ದಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಟ್ಯೂಬಿಲ್ಲದ ಟೈರು ಅನ್ನುವುದು ಇದ್ದೀತು ಎಂದು ನನಗೂ ನಂಬಿಕೆ ಬರಲಿಲ್ಲ. ಆ ಗಣಿಯವರೇ ಅಣ್ಣನಿಗೆ ಟೋಪಿ ಹಾಕಿದ್ದಾರೆ ಅಂದುಕೊಂಡೆ. ನೋಡಿ, ಸಂಶಯದ ಮನೆಯಲ್ಲಿದ್ದರೆ ಅದು ನೆಗಡಿಯ ಹಾಗೆ ತಗಲುತ್ತದೆ.

ಆದರೂ ಟೈರಿನ ಆಸೆ ಬಿಡಬೇಕಲ್ಲ. ಮಾವನವರು ಕಾರನ್ನು ಇಸ್ಮಾಯಿಲ್‌ಭಾಯಿಯ ಅಂಗಡಿಗೆ ಒಯ್ದರು. ಊರಿನ ಅರ್ಧ ಗಾಡಿಗಳ ಟೈರು ಅವನ ಕೈಯಲ್ಲೇ ಹಾದಿದ್ದವು. ಅವನಿಗೂ ಇಂಥ ಟೈರು ಹೊಸದು. ಹಾಗಂತ ಒಪ್ಪಿಕೊಳ್ಳುತ್ತಾನೆಯೇ? "ಫಿಕರ್ ಮಾಡಬ್ಯಾಡ್ರಿ ವಕೀಲ ಸಾಹೇಬ್ರ, ಇಂಥಾವು ಭಾಳ ನೋಡೀನಿ" ಎಂದು ತೋಳೇರಿಸಿದ. ಹಳೆಯ ಟ್ಯೂಬಿನಿಂದ ಗಾಳಿ ತುಂಬುವ ವಾಲ್ವನ್ನು ಕತ್ತರಿಸಿ ಗಾಲಿಯ ತೂತಿಗೆ ಕೂಡಿಸಿದ. ಟೈರು ಗಾಲಿಯ ಅಂಚಿಗೆ ಕಚ್ಚಲೊಲ್ಲದು. ಗಾಳಿ ಹೊಡೆದಂತೆಲ್ಲ ಬುಸ್ಸೆಂದು ಹೊರಗೆ ಬರುತ್ತಿತ್ತು. ಟೈರಿನ ಸುತ್ತ ಹಗ್ಗ ಬಿಗಿದು, ಅದರಲ್ಲಿ ಕಬ್ಬಿಣದ ಸಲಾಕೆ ಹಾಕಿ ತಿರುವಿದ. ಅಂತೂ ಅಂಚು ಪಟ್ಟೆಂದು ಕೂತಿತು. ಇಸ್ಮಾಯಿಲ್‌ಭಾಯಿ ಟೈರಿಗೆ ಒಂದೊದೆ ಕೊಟ್ಟು, "ಇನ್ನ ನಿಮ್ಮ ಮೊಮ್ಮಕ್ಕಳ ಕಾಲಕ್ಕ ಗಾಳಿ ನೋಡ್ರಿ" ಎಂದ. ಮೊಮ್ಮಕ್ಕಳ ಕಾಲ ಮಾರನೆಯ ದಿನ ಬೆಳಗ್ಗೆಯೇ ಬಂತು. ಎಡಗಡೆಯ ಮುಂದಿನ ಗಾಲಿ ಅರ್ಧ ಕುಸಿದಿತ್ತು.

ಅಲ್ಲಿಂದ ನೋಡಿ ಶುರುವಾಯಿತು ನಮ್ಮ ಮನೆಯ ಪತ್ತೇದಾರಿಕೆ. ಒಂದು ದಿನ ಮುಂದಿನದು, ಇನ್ನೊಂದು ದಿನ ಹಿಂದಿನದು, ಒಮ್ಮೊಮ್ಮೆ ಎರಡೆರಡು. ಯಾವುದೂ ಒಮ್ಮೆಲೇ ಕುಸಿಯುವುದಿಲ್ಲ. ಸದ್ದಿಲ್ಲದೆ, ಮುಪ್ಪು ಬಂದ ಹಾಗೆ ಇಳಿಯುವುದು. ಗಾಳಿ ತಾನಾಗಿ ಹೋಗುತ್ತದೆ ಎಂದು ಮಾವನವರು ಒಪ್ಪುವುದು ಸಾಧ್ಯವೇ? "ಯಾಂವೋ ಬಿಡಾಕತ್ತಾನ" ಎಂದರು. ಮೊದಲು ಹಾಲಿನವನು. ಎಮ್ಮೆಯ ಪ್ರಶ್ನೆಗೆ ಸೇಡು ತೀರಿಸಿಕೊಳ್ಳುತ್ತಿದ್ದಾನಂತೆ. ಅವನನ್ನು ಗೇಟಿನಾಚೆಯೇ ನಿಲ್ಲಿಸಿದರು. ಗಾಳಿ ಹೋಯಿತು. ಆಮೇಲೆ ಬಾಜು ಮನೆಯವರು. ನಮ್ಮ ಕಾರು ನೋಡಿ ಹೊಟ್ಟೆ ಉರಿಯಂತೆ. ಅವರ ಮನೆಯವರೆಲ್ಲ ಒಂದು ವಾರ ಪರವೂರಿಗೆ ಹೋದರು. ಆ ವಾರ ಇನ್ನೂ ಚೆನ್ನಾಗಿ ಗಾಳಿ ಹೋಯಿತು.

ಒಂದು ಸಂಜೆ ಅತ್ತೆಯ ರಂಗೋಲಿ ಪುಡಿಯ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ಕಾರಿನ ಸುತ್ತಲೂ ಶೆಡ್ಡಿನ ನೆಲದ ತುಂಬ ಚೆಲ್ಲಿದರು. ಬೆಳಗಾದರೆ ಹೆಜ್ಜೆ ಗುರುತು ಸಿಗಬೇಕು, ಕಳ್ಳ ಸಿಗಬೇಕು. ಬೆಳಗಾಯಿತು. ಗಾಲಿ ಇಳಿದಿತ್ತು. ಪುಡಿಯ ಮೇಲೆ ನಮ್ಮ ಮನೆಯ ಬೆಕ್ಕಿನ ಹೆಜ್ಜೆ ಬಿಟ್ಟರೆ ಇನ್ಯಾರದೂ ಇರಲಿಲ್ಲ. ಮಾವನವರು ಬೆಕ್ಕನ್ನೂ ಬಹಳ ಹೊತ್ತು ನೋಡಿದರು. ಬೆಕ್ಕು ವಾಲ್ವು ಬಿಚ್ಚಲಾರದು ಎಂಬುದು ಖಾತ್ರಿಯಾದ ಮೇಲೆ ಅವರ ಸಂಶಯ ನೇರವಾಗಿ ಖಾನಾಪುರದ ರಸ್ತೆ ಹಿಡಿಯಿತು. ಹೊರಗಿನವರು ಯಾರೂ ಅಲ್ಲ ಅಂದಮೇಲೆ ಮಾಲೇ ಖೋಟಾ. ಟ್ಯೂಬ್ ಇದ್ದಿದ್ದರೆ ಗಾಳಿ ನಿಲ್ಲುತ್ತಿತ್ತು. ಟ್ಯೂಬನ್ನು ಈರಣ್ಣ ಇಟ್ಟುಕೊಂಡ. ಮುಗಿಯಿತು, ತೀರ್ಪು ಆಯಿತು.

"ನಮ್ಮ ಹಳೇ ಟ್ಯೂಬರ ಒಳಗ ಹಾಕಿಸಬಾರದೇನ್ರಿ?" ಎಂದು ಅತ್ತೆ ಕೇಳಿದರು.

"ಹಾಕಿಸಿದ್ರ ಅವನ ಕಳವು ನಾವು ಮುಚ್ಚಿದಂಗ ಆತು. ಅವನ ಟ್ಯೂಬ್ ಬರಲಿ" ಎಂದರು ಮಾವನವರು.

ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಅಂದರೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದುಕೊಂಡು ಹೋಗುವ ಹಬ್ಬ. ಉಂಡಿ ಕಟ್ಟಬೇಕು, ಜೋಕಾಲಿ ಆಡಬೇಕು. ನಾನು ಚೀಲ ತುಂಬಿಕೊಂಡು, ಹೊಸ ಇಳಕಲ್ ಸೀರೆ ಉಟ್ಟು ಬೆಳಗಿನಿಂದ ಬಾಗಿಲಲ್ಲೇ ಇದ್ದೆ. ಅಣ್ಣ ಬಂದ. ಅತ್ತೆಗೆ ನಮಸ್ಕಾರ ಮಾಡಿದ. ಒಳಬಾಗಿಲ ಪರದೆ ಸ್ವಲ್ಪ ಅಲುಗಾಡಿತು, ಶಾಂತಾ ಅಲ್ಲಿದ್ದಳು. ಮಾವನವರು ಕುಂದರ್ರಿ ಎನ್ನಲಿಲ್ಲ.

"ಟ್ಯೂಬ್ ತಂದೀರೇನು?"

ಅಣ್ಣ ನಕ್ಕ. ಚೇಷ್ಟೆ ಎಂದು ತಿಳಿದ, ಪಾಪ. "ಇಲ್ದ ಟ್ಯೂಬ್ ಎಲ್ಲಿಂದ ತರ್ಲಿ ಮಾಮಾರ?"

"ಹಂಗಾರ ಟ್ಯೂಬ್ ತಂದ ಮ್ಯಾಲ ನಿಮ್ಮ ತಂಗೀನ ಕರಕೊಂಡ ಹೋಗ್ರಿ."

ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ, ಸಿಟ್ಟು ಬಂದರೆ ನಮ್ಮಣ್ಣನ ದನಿ ತಗ್ಗುತ್ತದೆ. "ನಾ ಹಂಚು ಸುಡಾಂವರೀ ವಕೀಲ ಸಾಹೇಬ್ರ. ಕಳವು ಮಾಡಾಂವ ಅಲ್ಲ" ಎಂದ. ಮಾಮಾ ಅನ್ನುವುದು ಹೋಗಿ ವಕೀಲ ಸಾಹೇಬ ಆಗಿತ್ತು. ಶಾಂತಾ ಚಹಾದ ತಾಟು ಹಿಡಿದು ಹೊರಗೆ ಬರುವಷ್ಟರಲ್ಲಿ ಅವನು ಗೇಟು ದಾಟಿದ್ದ. ನಾನು ಉಟ್ಟ ಸೀರೆ ಬಿಚ್ಚಿ ಮಡಚಿಟ್ಟೆ. ಆ ವರ್ಷ ನನಗೆ ಪಂಚಮಿಯಿಲ್ಲ. ಮಾವನವರ ಮೇಲೆ ಎಂಥ ಸಿಟ್ಟು ಬಂದಿತ್ತು ಅಂದರೆ, ಒಂದು ತಿಂಗಳು ಅವರ ಚಹಾಕ್ಕೆ ಬೇಕೆಂದೇ ದೊಡ್ಡ ಚಮಚೆಯಲ್ಲಿ ಸಕ್ಕರೆ ಹಾಕಿದೆ. ಅವರು ಅದನ್ನು ಕಂಡುಹಿಡಿಯಲಿಲ್ಲ. ಕಂಡುಹಿಡಿಯಬೇಕಾದ್ದನ್ನು ಅವರು ಎಂದೂ ಕಂಡುಹಿಡಿದವರಲ್ಲ ಎಂದು ಆಗ ಅಂದುಕೊಂಡೆ.

ಮಾವನವರು ಅಲ್ಲಿಗೇ ನಿಲ್ಲಲಿಲ್ಲ. ಗೋಕಾಕದ ಕಡೆಯ ಒಂದು ಸಂಬಂಧ ಹಿಡಿದು ತಂದರು. ಹುಡುಗ ಸರ್ಕಾರಿ ನೌಕರಿಯಲ್ಲಿದ್ದ. ದಸರೆಯ ಮಾರನೆಯ ದಿನ ಕಾರಿನಲ್ಲಿ ಬಂದು ಮಾತು ಪಕ್ಕಾ ಮಾಡುತ್ತೇನೆಂದು ಹೇಳಿ ಕಳಿಸಿದರು. ಅವರು ಮಾತು ಕೊಟ್ಟರೆಂದರೆ ಮುಗಿಯಿತು. ಹೆಂಡತಿಯ ಮಾತೂ ಇಲ್ಲ, ಮಗನ, ಅಂದರೆ ನನ್ನ ಗಂಡನ, ಮಾತೂ ಇಲ್ಲ. ಶಾಂತಾ ಊಟ ಬಿಡಲಿಲ್ಲ, ಅಳಲೂ ಇಲ್ಲ. ಅದೇ ನನಗೆ ಹೆದರಿಕೆ. ತಾಟಿನ ಮುಂದೆ ಕೂತು ಅನ್ನ ಕಲಸುತ್ತಲೇ ಇರುವಳು. ಒಂದು ಸಂಜೆ ತಲೆ ಬಾಚುತ್ತಿದ್ದಾಗ ನನ್ನ ಕಡೆ ತಿರುಗದೆಯೇ, "ವೈನೀ, ನಿಮ್ಮಣ್ಣ ಖರೇನ ಟ್ಯೂಬ್ ತಗೊಂಡಿದ್ರೂ ನಾ ಅವರನ್ನ ಮಾಡಕೊಳ್ಳತಿದ್ದೆ" ಎಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಂವ ತಗೊಂಡಿಲ್ಲ ಹುಚ್ಚಿ" ಎಂದು ತಲೆಗೊಂದು ಮೊಟಕಿದೆ.

ಮಹಾನವಮಿಯ ದಿನ ಖಂಡೇಪೂಜೆ. ಕುಡುಗೋಲು, ಈಳಿಗೆ, ಮಾವನವರ ಕಾನೂನು ಪುಸ್ತಕಗಳು, ಎಲ್ಲಕ್ಕೂ ಪೂಜೆ. ಕಡೆಗೆ ಕಾರಿಗೆ. ನಮ್ಮ ಮನೆತನದಲ್ಲಿ ಗಾಡಿಗೆ ಮೊದಲು ವಿಭೂತಿ, ಆಮೇಲೆ ಕುಂಕುಮ. ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಗಂಧದ ಹಾಗೆ ತೆಳ್ಳಗೆ ಮಾಡಿ, ಮೂರು ಬೆರಳಿನಿಂದ ಎಳೆಯುವುದು. ಹಿಂದಿನ ವರ್ಷಗಳಲ್ಲೆಲ್ಲ ಬಾನೆಟ್ಟಿಗಷ್ಟೇ ಹಚ್ಚಿ ಮುಗಿಸುತ್ತಿದ್ದ ಅತ್ತೆ ಆ ವರ್ಷ, "ಗಾಲೀಗೆ ಏನರ ಪೀಡಾ ಇದ್ರ ಹೋಗಲಿ" ಎಂದು ನಾಲ್ಕೂ ಗಾಲಿಗಳ ಕೆಂಪು ತಗಡಿನ ಮೇಲೆ ರಿವೀಟುಗಳಿಗೆ ಅಡ್ಡಲಾಗಿ ಮೂರು ಮೂರು ಗೆರೆ ಎಳೆದರು. ನಾನು ಊದಿನಕಡ್ಡಿ ಹಿಡಿದು ಹಿಂದೆಯೇ ಇದ್ದೆ. ಎರಡನೆಯ ಗಾಲಿಯ ಹತ್ತಿರ ಅತ್ತೆಯ ಕೈ ನಿಂತಿತು.

"ಅಯ್ಯ ಶಿವನ! ಇಲ್ಲಿ ಬರ್ರಿ. ವಿಭೂತಿ ಕುದ್ಯಾಕತ್ತೇತಿ!"

ಹೌದು, ಕುದಿಯುತ್ತಿತ್ತು. ಹಸಿ ವಿಭೂತಿಯಲ್ಲಿ ಒಂದು ರಿವೀಟಿನ ಸುತ್ತ ಸಾಸಿವೆಯಷ್ಟು ಗುಳ್ಳೆ ಏಳುವುದು, ಒಡೆಯುವುದು, ಮತ್ತೆ ಏಳುವುದು. ಪಕ್ಕದ ರಿವೀಟಿನಲ್ಲಿ ಇನ್ನೊಂದು. ಮಾವನವರು ಚಾಳೀಸು ಹಾಕಿಕೊಂಡು ಮೊಣಕಾಲೂರಿ ಕೂತರು. ಬೆರಳಿನಿಂದ ಒರೆಸಿದರು. ಮತ್ತೆ ಎದ್ದಿತು. ಉಳಿದ ಗಾಲಿಗಳನ್ನು ನೋಡಿದರು. ಎಲ್ಲದರಲ್ಲೂ ಒಂದೋ ಎರಡೋ. ಟ್ಯೂಬಿದ್ದ ಕಾಲದಲ್ಲಿ ಗಾಳಿ ಟ್ಯೂಬಿನೊಳಗೆ ಇರುತ್ತಿತ್ತು, ರಿವೀಟು ಸಡಿಲಾದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಗಾಲಿಯೇ ಗಾಳಿ ಹಿಡಿಯಬೇಕು. ಆ ಮುದಿ ಗಾಲಿಗೆ ಆಗಲಿಲ್ಲ, ಅಷ್ಟೇ. ಟೈರಿನಲ್ಲಿ ದೋಷವಿಲ್ಲ, ಅಣ್ಣನಲ್ಲಿ ದೋಷವಿಲ್ಲ. ಇಷ್ಟು ವರ್ಷ ಧೋತರದಿಂದ ಒರೆಸಿ ಒರೆಸಿ ಮುದ್ದು ಮಾಡಿದ ರಿವೀಟುಗಳೇ ಕಳ್ಳರು!

ನನಗೆ ಕುಣಿಯಬೇಕು ಅನ್ನಿಸಿತು. ಶಾಂತಾ ತುಳಸಿಕಟ್ಟೆಯ ಹತ್ತಿರ ನಿಂತು ಸೆರಗಿನ ತುದಿ ಕಚ್ಚುತ್ತಿದ್ದಳು. ಎಲ್ಲರೂ ಮಾವನವರ ಬಾಯಿ ನೋಡಿದೆವು. ಅವರು ಎದ್ದರು, ಮೊಣಕಾಲಿನ ಧೂಳು ಕೊಡವಿದರು.

"ರಿವೀಟಿನ ಮಾತು ಬ್ಯಾರೆ. ಟ್ಯೂಬಿನ ಮಾತು ಬ್ಯಾರೆ" ಎಂದು ಒಳಗೆ ಹೋದರು.

ಇಂಥ ಮನುಷ್ಯನಿಗೆ ಏನು ಹೇಳುತ್ತೀರಿ? ಅವತ್ತೇ ಇಸ್ಮಾಯಿಲ್‌ಭಾಯಿಯನ್ನು ಕರೆಸಿ, ಟೈರು ಬಿಚ್ಚಿಸಿ, ಒಳಗಡೆಯಿಂದ ಒಂದೊಂದು ರಿವೀಟಿಗೂ ರಬ್ಬರಿನ ಸೊಲ್ಯೂಷನ್ ಮೆತ್ತಿಸಿದರು. ದಸರೆಯ ದಿನವಿಡೀ ಗಾಳಿ ಕದಲಲಿಲ್ಲ. ಊರ ತುಂಬ ಜನ ಬನ್ನಿ ಎಲೆ ಹಿಡಿದುಕೊಂಡು ಮನೆಯಿಂದ ಮನೆಗೆ ಹೋಗಿ, ಬಂಗಾರದಾಂಗ ಇರೂಣು ಎನ್ನುತ್ತಿದ್ದರು. ಖಾನಾಪುರದಿಂದ ಯಾರೂ ಬರಲಿಲ್ಲ. ಕಾರು ಗಟ್ಟಿಮುಟ್ಟಾಗಿ, ಚೆಂಡು ಹೂವಿನ ಮಾಲೆ ಹಾಕಿಕೊಂಡು, ಮಾರನೆಯ ದಿನ ಗೋಕಾಕಕ್ಕೆ ಹೋಗಲು ತಯಾರಾಗಿ ನಿಂತಿತ್ತು. ಜೀವನದಲ್ಲಿ ಮೊದಲ ಸಲ ಆ ಟೈರುಗಳು ಇಳಿಯಲಿ ದೇವರೇ ಎಂದು ನಾನು ಕೈ ಮುಗಿದೆ.

ಬೆಳಗ್ಗೆ ಹೊರಡುವ ಹೊತ್ತಿಗೆ ಮಾವನವರ ಕೂಗು ಕೇಳಿ ಎಲ್ಲರೂ ಶೆಡ್ಡಿಗೆ ಓಡಿದೆವು. ನಾಲ್ಕಕ್ಕೆ ನಾಲ್ಕೂ ಗಾಲಿ ನೆಲಕ್ಕೆ ಕೂತಿದ್ದವು! ಅರೆಬರೆ ಅಲ್ಲ, ಪೂರ್ತಿ. ತಗಡು ನೆಲಕ್ಕೆ ತಾಗುವಷ್ಟು. "ಯಾರು ಗಾಳಿ ಬಿಟ್ಟವರು? ಖರೇ ಹೇಳ್ರಿ!" ಎಂದು ಮಾವನವರು ಅಬ್ಬರಿಸಿದರು. ನನ್ನನ್ನೊಮ್ಮೆ ನೋಡಿದರು, ಶಾಂತಾಳನ್ನೊಮ್ಮೆ ನೋಡಿದರು. ಶಾಂತಾ ನನ್ನನ್ನು ನೋಡಿದಳು. ನಾನು ಶಾಂತಾಳನ್ನು ನೋಡಿದೆ. ಸೈ ಹುಡುಗಿ, ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಕೈಪಂಪಿನಿಂದ ನಾಲ್ಕೂ ಗಾಲಿಗೆ ಗಾಳಿ ಹೊಡೆಯುವುದೆಂದರೆ ಮಧ್ಯಾಹ್ನವಾಗುತ್ತಿತ್ತು. ಬಸ್ಸಿಗಾದರೂ ಹೋಗುತ್ತಾರೋ ಎಂದು ನಾನು ಅವರನ್ನೇ ನೋಡುತ್ತ ನಿಂತೆ. ಶಕುನ, ರಾಹುಕಾಲ ಎಂದರೆ ಯಾವಾಗಲೂ ಗೇಲಿ ಮಾಡುವ ಮಾವನವರು ಅವತ್ತು, "ಹೊಂಟ ಗಳಿಗ್ಯಾಗ ಗಾಲಿ ಕುಂತ್ರ ಆ ಸಂಬಂಧ ಛಲೋ ಅಲ್ಲ" ಎಂದು ಹೇಳಿ, ಕೋಟು ಬಿಚ್ಚಿ, ಆರಾಮ ಕುರ್ಚಿಯಲ್ಲಿ ಕೂತುಬಿಟ್ಟರು. ಗೋಕಾಕದವರಿಗೆ ಸಿಟ್ಟು ಬಂತು. ಆ ಮಾತು ಅಲ್ಲಿಗೆ ಮುರಿಯಿತು.

ಎರಡು ದಿನ ಕಳೆದು ಮಾವನವರು ಯಾರಿಗೂ ಹೇಳದೆ ಕೆಂಪು ಬಸ್ಸು ಹತ್ತಿ ಖಾನಾಪುರಕ್ಕೆ ಹೋದರು. ಇದನ್ನು ಅಣ್ಣ ನನಗೆ ಆಮೇಲೆ ಹೇಳಿದ್ದು. ಭಟ್ಟಿಯ ಹೊಗೆಯ ನಡುವೆ ಕರೀ ಕೋಟು ಹಾಕಿಕೊಂಡು ಬಂದು ನಿಂತರಂತೆ. ಕಿಸೆಯಿಂದ ಬಾಡಿದ ಬನ್ನಿ ಎಲೆ ತೆಗೆದು ಅವನ ಮಣ್ಣಿನ ಕೈಯಲ್ಲಿಟ್ಟು, "ತಗೋರಿ ಈರಣ್ಣನವರ, ಬಂಗಾರದಾಂಗ ಇರೂಣು" ಎಂದರಂತೆ. ಬನ್ನಿಯನ್ನು ಸಣ್ಣವರು ಹಿರಿಯರ ಮನೆಗೆ ಹೋಗಿ ಕೊಡಬೇಕು. ಹಿರಿಯರು ಸಣ್ಣವರನ್ನು ಹುಡುಕಿಕೊಂಡು ಬಂದದ್ದನ್ನು ನಮ್ಮಣ್ಣ ಎಂದೂ ಕಂಡಿರಲಿಲ್ಲ. ಬಗ್ಗಿ ಅವರ ಕಾಲು ಮುಟ್ಟಿದನಂತೆ. ಮಾವನವರು ಅವನನ್ನು ಎಬ್ಬಿಸಿ, ಕಿವಿಯ ಹತ್ತಿರ ಬಂದು, "ಈಗರ ಖರೇ ಹೇಳ್ರಿ. ಟ್ಯೂಬ್ ಇದ್ದಿಲ್ಲ ಹೌದಲ್ಲೋ?" ಎಂದು ಕೇಳಿದರಂತೆ!

ಚಳಿಗಾಲದಲ್ಲಿ ಮದುವೆಯಾಯಿತು. ಇಸ್ಮಾಯಿಲ್‌ಭಾಯಿ ಹಳೆಯ ಟ್ಯೂಬುಗಳಿಗೆ ತೇಪೆ ಹಚ್ಚಿ ಆ ಹೊಸ ಟೈರಿನೊಳಗೇ ಹಾಕಿಕೊಟ್ಟ. ಮದುಮಗಳು ಅದೇ ಕಾರಿನಲ್ಲಿ ಖಾನಾಪುರಕ್ಕೆ ಹೋದಳು. ಗಾಳಿ ಬಿಟ್ಟವರು ಯಾರು ಎಂಬ ವಿಚಾರಣೆಯನ್ನು ಮಾತ್ರ ಮಾವನವರು ಕೈಬಿಡಲಿಲ್ಲ. ವರ್ಷಗಟ್ಟಲೆ, ಊಟದ ನಡುವೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ಆವತ್ತ ಗಾಳಿ ಬಿಟ್ಟವರು ಈ ಮನ್ಯಾಗ ಅದಾರ" ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಶಾಂತಾಳ ಹೆಸರು ಹೊರಗೆ ಬರಬಾರದೆಂದು ಬಾಯಿ ಮುಚ್ಚಿಕೊಂಡು ಸಾರು ಬಡಿಸುತ್ತಿದ್ದೆ. ಅವರು ತೀರಿಕೊಂಡಾಗ ನಾನು ಹೆಚ್ಚು ಅಳಲಿಲ್ಲ. ಪಂಚಮಿಯ ಸೀರೆ ಬಿಚ್ಚಿಸಿದ ಮನುಷ್ಯನೆಂಬ ಕಹಿ ಎಲ್ಲೋ ಉಳಿದಿತ್ತು.

ಡ್ರೈವರ್ ಬಂದ. ಕಾರು ಹೊರಟಿತು. ಖಾನಾಪುರದ ಮನೆಯ ಬಾಗಿಲು ತೆರೆದವಳು ಶಾಂತಾ. ಈಗ ಮೊಣಕಾಲು ನೋವು, ನರೆತ ಕೂದಲು. ಚಹಾ ಕುಡಿಯುತ್ತ ನಾನು ದಾರಿಯ ಪಂಕ್ಚರಿನ ಕಥೆ ಹೇಳಿದೆ. ಇಷ್ಟು ವರ್ಷದಲ್ಲಿ ಎಂದೂ ಆಡದ ಮಾತು ಅವತ್ತು ಬಾಯಿಗೆ ಬಂತು.

"ಇನ್ನರ ಒಪ್ಪಿಕೋ ನಮ್ಮವ್ವ. ಆವತ್ತ ನಾಲ್ಕೂ ಗಾಲಿ ಗಾಳಿ ಬಿಟ್ಟಾಕಿ ನೀನ ಹೌದಲ್ಲೋ?"

ಶಾಂತಾಳ ಕೈಯಲ್ಲಿನ ಚಹಾದ ಬಸಿ ಅಲ್ಲೇ ನಿಂತಿತು. "ನಾನಾ? ವೈನೀ, ನೀವಲ್ಲಾ? ನೀವ ಅಂತ ತಿಳದು ನಾ ಇಷ್ಟು ವರ್ಷ ಬೆಳಿಗ್ಗೆ ಎದ್ದು ನಿಮ್ಮ ಹೆಸರ ನೆನಸೇನಿ!"

"ನಾ ಮುಟ್ಟಿಲ್ಲ, ಶಿವನಾಣಿ. ಆಮ್ಯಾಲ ಗಾಳಿ ಹೊಡ್ಯಾಕ ಪಂಪ್ ತಗೊಂಡ ಹೋದಾಕಿ ನಾನ. ವಾಲ್ವಿನ ಮುಚ್ಚಳ ನಾಲ್ಕೂ ಬಿಗಿಯಾಗಿ ತಿರುವಿ ಹಾಕಿತ್ತು. ಇಷ್ಟ ಅಚ್ಚುಕಟ್ಟ ಕೆಲಸ ಶಾಂತಾಂದ ಅಂದಕೊಂಡೆ."

ಶಾಂತಾ ಬಸಿಯನ್ನು ಕೆಳಗಿಟ್ಟಳು. ಆಮೇಲೆ ನಿಧಾನವಾಗಿ, "ಅಪ್ಪಾ ಆವತ್ತ ಕೂಗೂಕಿಂತ ಮೊದಲ ನನ್ನ ಕಡೆ ಕೈ ತೊಳಕೊಳ್ಳಾಕ ನೀರ ಕೇಳಿದ್ರು ವೈನೀ. ಜಳಕ ಆಗಿತ್ತು, ಬಿಳೀ ಅಂಗಿ ಹಾಕ್ಕೊಂಡಿದ್ರು. ಬೆರಳು ನೋಡಿದ್ರ ಮಸಿಯಾಂಗ ಕರ್ರಗ. ಗಾಡಿ ಒರಸಿ ಬಂದಿರಬೇಕು ಅಂದಕೊಂಡು ನೀರ ಹಾಕಿದೆ" ಎಂದಳು.

ನನ್ನ ಹತ್ತಿರ ಮುಚ್ಚಳಗಳಿದ್ದವು, ಅವಳ ಹತ್ತಿರ ಕೈ ತೊಳೆದ ನೀರಿತ್ತು. ಇಬ್ಬರೂ ಒಂದು ಸಲವೂ ಎದುರುಬದುರು ಕೂತು ಕೂಡಿಸಿ ನೋಡಿರಲಿಲ್ಲ. ಗೋಕಾಕದವರಿಗೆ ಮಾತು ಕೊಟ್ಟಾಗಿತ್ತು. ತಪ್ಪಾಯಿತು ಅನ್ನಲು ಆ ಬಾಯಿಗೆ ಬರುತ್ತಿರಲಿಲ್ಲ. ಅದಕ್ಕೆ ನಸುಕಿನಲ್ಲಿ ಎದ್ದು, ಯಾರನ್ನೂ ನಂಬದ ಆ ವಕೀಲರು, ತಾವು ಮುದ್ದು ಮಾಡಿದ ಗಾಲಿಗಳ ಮುಂದೆ ಒಂದೊಂದಾಗಿ ಕುಕ್ಕರಗಾಲಲ್ಲಿ ಕೂತು ತಮ್ಮ ಕೈಯಾರೆ ಗಾಳಿ ಬಿಟ್ಟಿದ್ದರು. ಮುಚ್ಚಳವನ್ನೂ ಮರೆಯದೆ ಹಾಕಿದ್ದರು. ಆಮೇಲೆ ಸಾಯುವವರೆಗೂ ನನ್ನನ್ನು ವಿಚಾರಣೆಗೆ ನಿಲ್ಲಿಸಿ, ತಮ್ಮನ್ನು ತಾವು ಬಚ್ಚಿಟ್ಟುಕೊಂಡಿದ್ದರು.

"ಒಂದ ಮಾತ ಹೇಳಿದ್ರ ಅಪ್ಪಂದ ಏನ ಹೋಗತಿತ್ತ್ರೀ ವೈನೀ?" ಎಂದಳು ಶಾಂತಾ. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ನಗುತ್ತ ನಗುತ್ತ ಇಬ್ಬರೂ ಅತ್ತೆವು. ಅವರು ಹೋದಾಗ ಅಳದಿದ್ದದ್ದನ್ನೆಲ್ಲ ನಾನು ಅವತ್ತು ಅತ್ತುಬಿಟ್ಟೆ.

ಅಣ್ಣ ಹಿತ್ತಿಲಿನಿಂದ ಬಂದವನು ನಮ್ಮಿಬ್ಬರನ್ನು ನೋಡಿ ಬಾಗಿಲಲ್ಲೇ ಗಾಬರಿಯಾಗಿ ನಿಂತ.

"ಯಾಕ? ಏನಾತು? ಯಾರರ ಹೋದ್ರೇನು?"

ಶಾಂತಾ ಸೆರಗಿನಿಂದ ಮೂಗೊರೆಸಿಕೊಂಡಳು.

"ಹೂಂ ರೀ. ಅಪ್ಪಾ ಹೋದ್ರು."